ಚಂಚಿಯೊಳಗಿನ ನಾಲ್ಕು ಸೆಲ್ಲು

ಏನನ್ನೂ ಬಿಸಾಕದ ಹೆಂಗಸೊಬ್ಬಳು ಓಣಿಯಲ್ಲಿದ್ದರೆ ಆ ಓಣಿಯವರಿಗೆ ನಗುವುದಕ್ಕೆ ಯಾವತ್ತೂ ಕೊರತೆಯಾಗುವುದಿಲ್ಲ. ನಮ್ಮ ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಆ ಹೆಂಗಸು ನಾನೇ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಕೂತು ಬ್ಲೌಸ್ ಹೊಲಿಯುತ್ತಿದ್ದೇನೆ. ನಗುವವರು ನಗಲಿ, ಅವರ ಬ್ಲೌಸೂ ನಾನೇ ಹೊಲಿಯಬೇಕು.

ನನ್ನ ಹತ್ತಿರ ಬೆಂಕಿಪೊಟ್ಟಣದಷ್ಟು ದೊಡ್ಡ ಹಾಡಿನ ಪ್ಲೇಯರ್ ಇದೆ. ಕಿವಿಗೆ ವೈರ್ ಸಿಕ್ಕಿಸಿಕೊಂಡರೆ ಹಳೇ ನಾಟಕದ ಹಾಡು ಒಂದರ ಹಿಂದೆ ಒಂದು ಬರುತ್ತವೆ. ಫೋನಿನಲ್ಲೇ ಕೇಳಬಾರದೇ ಎಂದು ಎಲ್ಲರೂ ಬುದ್ಧಿ ಹೇಳುತ್ತಾರೆ. ಫೋನಿನಲ್ಲಿ ಹಾಡು ಹಚ್ಚಿ ಪಲ್ಲವಿ ಮುಗಿಯುವಷ್ಟರಲ್ಲಿ, "ಅಕ್ಕಾ, ಬ್ಲೌಸ್ ಆತೇನು?" ಎಂದು ಯಾರಾದರೂ ನುಗ್ಗುತ್ತಾರೆ. ಪ್ಲೇಯರಿಗೆ ಯಾರೂ ಫೋನ್ ಮಾಡಲಾರರು. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ನಾನು ಯಾರ ಅಕ್ಕನೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಆ ಎರಡು ತಾಸನ್ನು ಯಾರಿಗೂ ಬಿಟ್ಟುಕೊಡುವವಳಲ್ಲ ನಾನು.

ಅಳತೆ

ಒಂದು ದಿನ ಪ್ಲೇಯರಿನ ಒಳಗಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿತು. ಮೊಬೈಲ್ ರಿಪೇರಿ ಸಾಹೇಬರ ಅಂಗಡಿಗೆ ಒಯ್ದೆ. ಅವರು ಬಿಚ್ಚಿ, ಉಬ್ಬಿದ್ದನ್ನು ತೆಗೆದಿಟ್ಟು, ತಲೆ ಅಲ್ಲಾಡಿಸಿದರು.

"ಅಕ್ಕಾ, ಇದರ ಬ್ಯಾಟ್ರಿ ಈಗ ಎಲ್ಲೂ ಸಿಗಂಗಿಲ್ರಿ. ಕರೆಂಟಿಗೆ ಹಚ್ಚಿದ್ರ ಹಾಡತೈತಿ, ಇಲ್ಲಾಂದ್ರ ಇಲ್ಲ. ಒಗದು ಹೊಸಾದು ತಗೋರಿ."

ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಕರೆಂಟು ಹೋಗುವ ಓಣಿ ನಮ್ಮದು. ಅದಕ್ಕಿಂತ ಹೆಚ್ಚಾಗಿ, ಆ "ಒಗದು" ಅನ್ನುವ ಮಾತಿಗೆ ನನ್ನ ಮೈ ಉರಿಯಿತು.

"ಸಾಹೇಬ್ರ, ನಿಮ್ಮ ಅಂಗಿ ಮೊಣಕೈ ಹರದಾಗ ನಾ ಒಗೀರಿ ಅಂದಿದ್ನೇನು? ತ್ಯಾಪಿ ಹಾಕಿ ಕೊಟ್ಟಿಲ್ಲೇನು?"

"ಬ್ಯಾಟ್ರಿಗೆ ತ್ಯಾಪಿ ಹಾಕಾಕ ಬರಂಗಿಲ್ರಿ ಅಕ್ಕಾ."

"ಒಳಗ ಬರದಿದ್ರ ಹೊರಗ ಹಾಕ್ತೀನಿ. ಏನೇನು ಬೇಕು ಅಷ್ಟ ಹೇಳ್ರಿ."

ಅವರು ನಗುತ್ತಲೇ ಹೇಳಿದರು. ಚಾರ್ಜ್ ಆಗುವ ಪೆನ್ಸಿಲ್ ಸೆಲ್ಲು ನಾಲ್ಕು. ಒಂದರ ತಲೆ ಇನ್ನೊಂದರ ಬುಡಕ್ಕೆ ಸೇರಬೇಕು. ಕೊನೆಯ ಎರಡು ತುದಿ ಚಾರ್ಜರ್ ವೈರಿಗೆ. ಹಳೆಯದೊಂದು ವೈರನ್ನೂ ಕೊಟ್ಟು, ಯಾವುದು ಯಾವ ತುದಿಗೆ ಅಂತ ತೋರಿಸಿದರು. "ಆದ್ರ ಸೆಲ್ಲು ಕುಂದ್ರಾಕ ಡಬ್ಬಿ ಬೇಕಲ್ರಿ?" ಎಂದರು.

"ಡಬ್ಬಿ ಯಾಕ? ಹೊಲೀತೀನಿ."

ನಾನು ಮೆಟ್ಟಿಲಿಳಿಯುತ್ತಿದ್ದಾಗ ಸಾಹೇಬರು ಪಕ್ಕದ ಅಂಗಡಿಯವರಿಗೂ ಕೇಳುವ ಹಾಗೆ ಕೂಗಿದರು: "ಕರೆಂಟು ಹೊಲಿಯೋರನ್ನ ಇವತ್ತ ನೋಡಿದ್ದು ನೋಡ್ರಿ!"

"ಅಳತಿ ತಗೊಂಡೇ ಹೊಲೀತೀನಿ," ಅಂದೆ.

ತಲೆ ಮೇಲೆ, ತಲೆ ಕೆಳಗೆ

ನಮ್ಮ ಕಡೆ ಎಲೆ ಅಡಿಕೆ ಹಾಕುವವರ ಸೊಂಟದಲ್ಲಿ ಚಂಚಿ ಇರುತ್ತದೆ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ನಾಲ್ಕು ಕಿಸೆಯ ಬಟ್ಟೆಯ ಚೀಲ. ನಾಲ್ಕು ಕಿಸೆ, ನಾಲ್ಕು ಸೆಲ್ಲು. ಇನ್ನೇನು ಬೇಕು? ಹೊಸ ಚಂಚಿಯೊಂದನ್ನು ಹೊಲಿದೆ. ಪ್ರತಿ ಕಿಸೆಯ ಮೇಲೆ ಕೆಳಗೆ ಬ್ಲೌಸಿನ ಟಿಚ್ ಬಟನ್ ಹಚ್ಚಿ, ಬಟನ್ನಿನಿಂದ ಬಟನ್ನಿಗೆ ವೈರ್ ಎಳೆದೆ. ಸೆಲ್ಲು ಅಲ್ಲಾಡದಂತೆ ಬಿಗಿಯಾಗಿ ಎಲಾಸ್ಟಿಕ್ ಕೊಟ್ಟೆ.

ಹಾಡಲಿಲ್ಲ.

ಕಾರಣ ತಿಳಿದಾಗ ನನಗೇ ನಗು ಬಂತು. ನಾಲ್ಕೂ ಸೆಲ್ಲುಗಳನ್ನು ತಲೆ ಮೇಲೆ ಮಾಡಿ ಮರ್ಯಾದೆಯಿಂದ ಕೂರಿಸಿದ್ದೆ. ಒಂದು ಬಿಟ್ಟು ಒಂದನ್ನು ತಲೆಕೆಳಗೆ ಇಡಬೇಕಿತ್ತು. ಪಂಕ್ತಿಯಲ್ಲಿ ಕೂತವರನ್ನು ಹಾಗೆ ಉಲ್ಟಾ ಮಾಡುವುದು ನನ್ನ ಮನಸ್ಸಿಗೆ ಹೊಳೆದಿರಲೇ ಇಲ್ಲ.

ಬಾಗಿಲಲ್ಲಿ ನಿಂತಿದ್ದ ನಮ್ಮ ಮನೆಯವರಿಗೆ ಹಬ್ಬ. "ಬಿಡ ಮಾರಾಯ್ತಿ, ಬ್ಲೌಸಿನ ಗುಂಡಿಗೆ ಎಲ್ಲ್ಯಾರ ಕರೆಂಟು ಹರೀತೈತೇನು?"

ನಾನು ಎಲಾಸ್ಟಿಕ್ಕಿನ ಹೊಲಿಗೆ ಬಿಚ್ಚಿ ಸೆಲ್ಲು ತಿರುಗಿಸಿದೆ. ಬಿಚ್ಚಿ ಹೊಲಿಯುವುದಕ್ಕೆ ನಾಚುವವರು ಟೇಲರ್ ಆಗಬಾರದು. ಎರಡನೇ ಸಲ ಒಂದು ಬಟನ್ ಸಡಿಲವಾಯಿತು. ಮೂರನೇ ಸಲ ಚಂಚಿಯ ವೈರನ್ನು ಪ್ಲೇಯರಿಗೆ ಚುಚ್ಚಿ, ಹಾಡಿನ ವೈರನ್ನು ಕಿವಿಗೆ ಸಿಕ್ಕಿಸಿಕೊಂಡೆ.

"ಹಾಡಿತೇನು?" ಎಂದು ನಮ್ಮ ಮನೆಯವರು ಮೂರು ಸಲ ಕೇಳಿದರಂತೆ. ನನಗೆ ಕೇಳಿಸಲಿಲ್ಲ.

ದೊಡ್ಡ ಅಡಿಕೆ

ನಮ್ಮ ಕಡೆ ಚಂಚಿ ಕಂಡರೆ ಯಾರೂ ಅಪ್ಪಣೆ ಕೇಳುವುದಿಲ್ಲ, ಸೀದಾ ಕೈ ಹಾಕುತ್ತಾರೆ. ಇದು ನಾನು ಹೊಲಿಯುವಾಗ ನೆನಪಾಗಬೇಕಿತ್ತು.

ತಂಬ್ರಹಳ್ಳಿಯಿಂದ ಒಬ್ಬ ಅಜ್ಜಿ ಕುಬಸ ಹೊಲಿಸಿಕೊಳ್ಳಲು ಬಂದಿದ್ದಳು. ನಾನು ತೋಳು ಕೂಡಿಸುವುದರಲ್ಲಿದ್ದೆ, ಚಂಚಿ ಮಿಷಿನ್ನಿನ ಮೂಲೆಗೆ ತೂಗಾಡುತ್ತಿತ್ತು. ಹಾಡು ಗಕ್ಕನೆ ನಿಂತಿತು. ತಿರುಗಿ ನೋಡುತ್ತೇನೆ, ಅಜ್ಜಿ ಒಂದು ಸೆಲ್ಲನ್ನು ಅಡಕೊತ್ತಿನ ಬಾಯಿಗೆ ಕೊಟ್ಟು ಇನ್ನೇನು ಒತ್ತಬೇಕು!

ಹಾರಿ ಹೋಗಿ ಕಸಿದುಕೊಂಡೆ. ಅಜ್ಜಿಗೆ ಸಿಟ್ಟು ನೆತ್ತಿಗೇರಿತು.

"ಒಂದು ಅಡಕಿಗೆ ಹಿಂಗ ಜೀವಾ ಬಿಡ್ತೀಯಲ್ಲಬೇ! ನನ್ನ ಕಡೆ ಅಡಕಿ ಇಲ್ಲಂದುಕೊಂಡಿಯೇನು?"

"ಅಜ್ಜಿ, ಅದು ಅಡಕಿ ಅಲ್ಲ, ಸೆಲ್ಲು."

"ಚಂಚ್ಯಾಗ ಯಾರಾರ ಸೆಲ್ಲು ಇಡ್ತಾರೇನು? ಸುಳ್ಳಾರ ಚಂದಾಗಿ ಹೇಳು."

ಈಗ ತಂಬ್ರಹಳ್ಳಿಯಿಂದ ಯಾರೇ ಬರಲಿ, ತಮ್ಮ ಎಲೆ ಅಡಿಕೆ ತಾವೇ ತಂದಿರುತ್ತಾರೆ. ಪಾಪ, ಜಿಪುಣಿ ಎಂದು ನನಗೂ ಒಂದು ಎಲೆ ಮಡಿಚಿ ಕೊಡುತ್ತಾರೆ.

ಕಿಟಕಿ ಪಕ್ಕ

ಲೈನಿಂಗ್ ಬಟ್ಟೆ ತರಲು ಹರಪನಹಳ್ಳಿ ಬಸ್ಸು ಹತ್ತಿದ್ದೆ. ಕಾಲಿಡಲು ಜಾಗವಿರಲಿಲ್ಲ. ಸೊಂಟದ ಚಂಚಿಯಿಂದ ವೈರೊಂದು ಸೆರಗಿನೊಳಗೆ ಹೋಗುವುದನ್ನು ಸೀಟಿನಲ್ಲಿದ್ದ ಒಬ್ಬರು ಕಂಡು ಕಂಡಕ್ಟರನ್ನು ಕರೆದರು.

"ಏನಮ್ಮಾ ಅದು? ಬಿಚ್ಚಿ ತೋರ್ಸು," ಎಂದ ಕಂಡಕ್ಟರ್.

ಕಳ್ಳಿಯೇನು ನಾನು? ಎಲ್ಲರ ಎದುರೇ ಚಂಚಿ ಬಿಚ್ಚಿದೆ. ನಾಲ್ಕು ಸೆಲ್ಲು, ಕೆಂಪು ವೈರು, ಕರಿ ವೈರು.

"ಅಂಗಡಿಯಾಗೆ ತಗಂಡಿದ್ದಾ?"

"ಇಲ್ರೀ," ಎಂದು ಎದೆಯುಬ್ಬಿಸಿ ಹೇಳಿದೆ, "ನಾನ ಮಾಡೀನಿ."

ಮುಂದಿನ ಸೀಟಿನ ಮೂರು ಜನ ಒಟ್ಟಿಗೇ ಎದ್ದರು. ಹಾಡು ಕೇಳೋದಕ್ಕೆ ಅಂತ ನಾನು ಹೇಳುತ್ತಲೇ ಇದ್ದೆ, ಅವರು ಡ್ರೈವರಿನ ಬೆನ್ನಿಗೆ ಹೋಗಿ ಅಂಟಿಕೊಂಡಿದ್ದರು. ನಾನು ಕಿಟಕಿ ಪಕ್ಕ ಕೂತು ಹರಪನಹಳ್ಳಿ ಬರುವವರೆಗೆ ಹಾಡು ಕೇಳಿದೆ. ಈಗ ಬಸ್ಸಿನಲ್ಲಿ ಸೀಟು ಸಿಗದಿದ್ದರೆ ನಾನು ಯಾರನ್ನೂ ಬೇಡುವುದಿಲ್ಲ, ಚಂಚಿ ಬಿಚ್ಚುತ್ತೇನೆ.

ಭಾವನವರ ನ್ಯಾಯ

ಹೊರಗಿನವರನ್ನು ಹೇಗೋ ಗೆದ್ದೆ, ಮನೆಯೊಳಗಿನವರೇ ಕಷ್ಟ. ನಮ್ಮ ಟೀವಿ ರಿಮೋಟಿಗೂ ಇದೇ ಅಳತೆಯ ಸೆಲ್ಲು. ನಮ್ಮ ಮನೆಯವರು ನನ್ನ ಚಂಚಿಯಿಂದ ಎರಡು ತೆಗೆದುಕೊಂಡು, ರಿಮೋಟಿನ ಸತ್ತ ಸೆಲ್ಲುಗಳನ್ನು ಆ ಜಾಗಕ್ಕೆ ತುರುಕುತ್ತಿದ್ದರು. ಕಿಸೆಯ ಬಾಯಿ ಹೊಲಿದುಬಿಟ್ಟೆ. ನನ್ನದೇ ಕತ್ತರಿಯಿಂದ ಬಿಚ್ಚಿದರು. ಒಂದು ಮಧ್ಯಾಹ್ನ ಎರಡಕ್ಕೆ ವೈರ್ ಸಿಕ್ಕಿಸಿಕೊಂಡು ಕೂತರೆ ಹಾಡಿಲ್ಲ. ಅಳು ಬಂತು. ಅದರ ಹಿಂದೆಯೇ ಸಿಟ್ಟು ಬಂತು.

"ಇನ್ನ ಮುಟ್ಟಿದ್ರ ನೋಡ್ರಿ!" ಎಂದೆ.

"ನಡೀ, ಅಣ್ಣನ ಹತ್ರಾನ ಕೇಳೋಣು," ಎಂದರು.

ಅಣ್ಣ ಎಂದರೆ ನನ್ನ ಭಾವ, ನಿವೃತ್ತ ಮೇಷ್ಟ್ರು. ಮನೆಯ ವ್ಯಾಜ್ಯವೆಲ್ಲ ಅವರ ಜಗಲಿಯಲ್ಲೇ ತೀರುವುದು. ಕಿವಿ ಮಂದ, ಕಿವಿಗೆ ಮಿಷಿನ್ ಹಾಕಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ಅವರೆದುರು ನಾನು ತಲೆಯೆತ್ತಿ ಮಾತಾಡಿದವಳಲ್ಲ. ಅವರು ಬೇಡ ಎಂದರೆ ಮುಗಿಯಿತು, ನನ್ನ ಎರಡು ತಾಸು ಹೋದ ಹಾಗೇ.

ನಮ್ಮ ಮನೆಯವರು ಅರ್ಧ ತಾಸು ಒದರಿದರು. "ಕಿವ್ಯಾಗ ವೈರ್ ಹಾಕ್ಕೊಂಡು ಕುಂತ್ಲಂದ್ರ ಮನಿಗೆ ಬೆಂಕಿ ಬಿದ್ರೂ ಈಕಿಗೆ ಕೇಳಂಗಿಲ್ಲಣ್ಣಾ! ಕರೆದ್ರ ಓ ಅನ್ನಂಗಿಲ್ಲ!"

ಭಾವ ತಲೆಯಾಡಿಸುತ್ತಲೇ ಇದ್ದರು. ನಮ್ಮ ಮನೆಯವರು ಮುಗಿಸಿದ ಮೇಲೆ ನಾನು ಚಂಚಿ, ಪ್ಲೇಯರು, ವೈರು ಮೂರನ್ನೂ ಭಾವನ ಮುಂದಿಟ್ಟೆ. ಮೊದಲ ಸಲ ತಲೆಯೆತ್ತಿ ಹೇಳಿದೆ.

"ಭಾವಾರ, ದಿನಕ್ಕ ಎರಡು ತಾಸು ನನ್ನ ಯಾರೂ ಕರೀಬಾರದು. ಅಷ್ಟ ನಾ ಕೇಳೋದು. ಇದನ್ನ ಮಾತ್ರ ಬಿಡಂಗಿಲ್ಲ."

ಭಾವ ಚಂಚಿಯನ್ನು ತಿರುಗಿಸಿ ನೋಡಿದರು. ವೈರಿನ ತುದಿಯನ್ನು ತಮ್ಮ ಕಿವಿಯ ಹತ್ತಿರ ಹಿಡಿದು ನನ್ನ ಮುಖ ನೋಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ಸೆಲ್ಲು ಆಕೀವು. ಇನ್ನ ಮುಟ್ಟಬ್ಯಾಡ," ಎಂದರು. ನಮ್ಮ ಮನೆಯವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಒಳಗಿನಿಂದ ನಮ್ಮಕ್ಕ, ಅಂದರೆ ಭಾವನ ಹೆಂಡತಿ, ಆಗಿನಿಂದ ಕೂಗುತ್ತಲೇ ಇದ್ದಳು. "ಏನ್ರೀ, ಗಿರಣಿಗೆ ಹೋಗಿ ಹಿಟ್ಟು ಹಾಕಿಸ್ಕೊಂಡು ಬರ್ರೀ! ಏನ್ರೀ!" ಭಾವ ಅಲ್ಲಾಡಲಿಲ್ಲ. ನಾನು ಒಳಗೆ ಕೈ ತೋರಿಸಿ, ಕರೀತಿದ್ದಾರೆ ಎಂದು ಸನ್ನೆ ಮಾಡಿದೆ.

ಭಾವ ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಕಡೆ ಬಗ್ಗಿ, ಅಂಗಿಯ ಕಿಸೆಯಿಂದ ಕಿವಿ ಮಿಷಿನ್ನಿನ ಗುಂಡಿಯಷ್ಟು ಚಿಕ್ಕ ಸೆಲ್ಲನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದರು.

"ನಿನ್ನ ಗಂಡ ಏನು ಒದರಿದ್ನೋ, ನೀ ಏನಂದ್ಯೋ, ನಂಗ ಒಂದೂ ಕೇಳಿಲ್ಲ. ವೈರ್ ನೋಡಿದೆ, ಬಿಚ್ಚಿದ ಕಿಸೆ ನೋಡಿದೆ, ಗೊತ್ತಾತು," ಎಂದು ಪಿಸುಗುಟ್ಟಿದರು. "ನಿನ್ನ ಮಿಷಿನ್ನು ಸೆಲ್ಲು ಹಾಕಿದ್ರ ಸುಖ ಕೊಡತೈತಿ ಯವ್ವಾ, ನನ್ನದು ತೆಗದ್ರ."