ಏಣಿಯಪ್ಪ ಬಿದ್ದ ಜಾಗ

ಭಾನುವಾರ ಬೆಳಗ್ಗೆ ಸೂರಿನ ಮೂಲೆಯ ಜೇಡರ ಬಲೆ ಹೆಂಡತಿಯ ಕಣ್ಣಿಗೆ ಬಿದ್ದದ್ದೇ ಎಲ್ಲಕ್ಕೂ ಮೂಲ. ಗಂಡ ಕುರ್ಚಿಯ ಮೇಲೆ ಅಂಗೈಯಗಲದ ಸ್ಟೂಲಿಟ್ಟು ಹತ್ತಿದ. ಬಲೆ ಮುಟ್ಟುವ ಮೊದಲೇ ನೆಲ ಮುಟ್ಟಿದ. ಬಲಗಾಲಿನ ಹರಡು ನೋಡನೋಡುತ್ತಲೇ ಬದನೆಕಾಯಿಯಂತೆ ಊದಿಕೊಂಡಿತು.

ಬೇರೆಯವರು ಬಿದ್ದಿದ್ದರೆ ಅದೊಂದು ಸುದ್ದಿಯಲ್ಲ. ಇವನು ಏಣಿ ತಯಾರಿಸುವ ಕಾರ್ಖಾನೆಯಲ್ಲಿ ಏಣಿ ಹತ್ತುವವನು. ಸಿದ್ಧವಾದ ಪ್ರತಿಯೊಂದು ಏಣಿಯನ್ನೂ ತುದಿಯವರೆಗೆ ಹತ್ತಿ, ಅಲ್ಲಿ ನಿಂತು ಕುಣಿದು, ಇಳಿದು ಬಂದು, ಸರಿಯಾಗಿದೆ ಎಂದು ಹಸಿರು ಬೊಟ್ಟಿಡುವುದು ಅವನ ಕೆಲಸ. ಊರೆಲ್ಲ ಏಣಿಯಪ್ಪ ಎಂದೇ ಕರೆದು ಕರೆದು, ಅಪ್ಪ ಅಮ್ಮ ಇಟ್ಟ ಹೆಸರು ಹೆಂಡತಿಗೂ ಮರೆತುಹೋಗಿತ್ತು.

ಸದ್ದು ಕೇಳಿ ಪಕ್ಕದ ಮನೆಯ ಕಾನೂನು ಮಾವ ಓಡಿಬಂದರು. ಕೋರ್ಟಿನ ಎದುರು ಮರದ ಕೆಳಗೆ ಅರ್ಜಿ ಟೈಪು ಮಾಡುತ್ತ ಆಯುಷ್ಯ ಕಳೆದವರು. ಸಲಹೆ ಕೊಡುವುದರಲ್ಲಿ ವಕೀಲರಿಗೂ ಅವರಷ್ಟು ಧೈರ್ಯವಿರಲಿಲ್ಲ. ಒಳಗೆ ಬಂದವರೇ ಕಿಟಕಿ ಹಾಕಿದರು, ಬಾಗಿಲು ಹಾಕಿದರು, ಮಂಚದ ಕೆಳಗೂ ಒಮ್ಮೆ ಬಗ್ಗಿ ನೋಡಿದರು.

"ಎಲ್ಲಿ ಬಿದ್ದೆ?"

"ಇಲ್ಲೇ ಮಾವ. ನಿಮ್ಮ ಕಣ್ಣೆದುರೇ ಬಿದ್ಕೊಂಡಿದ್ದೀನಲ್ಲ!"

"ಶ್! ಮನೇಲಿ ಬಿದ್ದೆ ಅಂದ್ರೆ ನಿನ್ನ ಮಾಲೀಕ ಬಿಡಿಗಾಸು ಬಿಚ್ಚಲ್ಲ. ರಜಕ್ಕೆ ಸಂಬಳ ಇಲ್ಲ, ಆಸ್ಪತ್ರೆ ಬಿಲ್ಲೂ ನಿನ್ನ ತಲೆ ಮೇಲೇ. ಅದೇ ಕಾರ್ಖಾನೇಲಿ ಬಿದ್ದೆ ಅನ್ನು, ಕಾಲು ನಿಂದು, ಖರ್ಚು ಅವನದು."

"ಆದ್ರೆ ಆಗಲೇ ಬಿದ್ದಾಯ್ತಲ್ಲ ಮಾವ?"

"ನಾಳೆ ಇನ್ನೊಂದ್ಸಲ ಬೀಳು. ನಿನಗೇನು ಏಣಿಗೆ ಬರವೇ?"

ಏಣಿಯಪ್ಪ ಹೆಂಡತಿಯ ಮುಖ ನೋಡಿದ. ಅವಳು ಕಾಲಿಗೆ ಪಟ್ಟಿ ಸುತ್ತುತ್ತ, "ನೀವು ಮಲಗಿಬಿಟ್ರೆ ಮಗಳ ಫೀಸು ಆ ಜೇಡ ಕಟ್ಟುತ್ತಾ?" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಸೋಮವಾರ ಊದಿದ ಕಾಲಿಗೆ ಯಾವ ಚಪ್ಪಲಿಯೂ ಹಿಡಿಸಲಿಲ್ಲ. ಭಾವಮೈದುನನ ಗಂಬೂಟು ಏರಿಸಿಕೊಂಡು, ಹಲ್ಲು ಕಚ್ಚಿ ಹೊರಟ. ಗೇಟಿನಲ್ಲೇ ಕಾವಲುಗಾರ ತಡೆದ.

"ಏನಣ್ಣ, ಮೋಡ ಇಲ್ಲ, ಮಳೆ ಇಲ್ಲ, ಗಂಬೂಟು?"

"ಹಾವಿಗೆ."

"ಇಲ್ಲಿ ಹಾವೆಲ್ಲಿದೆ?"

"ಇದ್ರೆ ಅಂತ."

ಕಾವಲುಗಾರ ಅವನು ಮರೆಯಾಗುವವರೆಗೂ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಏಣಿಯಪ್ಪ ಆವತ್ತು ಹೆಜ್ಜೆಗೊಂದು ಸಲ ಹೆಗಲು ಮುಟ್ಟಿಕೊಂಡ. ಯಂತ್ರಕ್ಕೆ ಎಣ್ಣೆ ಹಾಕುವವನು ಕೆಮ್ಮಿದರೆ ಅದು ಸನ್ನೆ. ಗರಗಸ ನಿಂತರೆ ಎಲ್ಲರೂ ತನ್ನ ಮಾತೇ ಆಡುತ್ತಿದ್ದಾರೆ.

ಏಣಿ ಮಾಡುವ ಮೇಸ್ತ್ರಿಯಂತೂ ಅವನನ್ನು ಬಿಟ್ಟು ಅತ್ತಿತ್ತ ಅಲುಗಲಿಲ್ಲ.

"ಯಾವತ್ತೂ ಕೋತಿ ಹಾಗೆ ಹತ್ತೋನು, ಇವತ್ತೇನು ಮೆಟ್ಟಿಲಿಗೊಂದು ನಿದ್ದೆ ಮಾಡ್ತಿದ್ದೀಯ? ನನ್ನ ಏಣಿ ಮೇಲೇನಾದ್ರೂ ಗುಮಾನಿಯಾ?"

"ಛೆ, ಗಾಳಿ ತಗೋತಿದ್ದೀನಿ ಮೇಸ್ತ್ರಿ," ಎಂದು ಏಣಿಯಪ್ಪ ಕಣ್ಣು ಮುಚ್ಚಿ ಕೈಬಿಟ್ಟ. ಕೆಳಗೆ ಕಾಯುತ್ತಲೇ ಇದ್ದ ಮೇಸ್ತ್ರಿ ಅವನನ್ನು ಕೂಸಿನ ಹಾಗೆ ಎರಡೂ ತೋಳಿನಲ್ಲಿ ಹಿಡಿದುಬಿಟ್ಟ.

"ನಾನಿರೋವರೆಗೆ ನೀನು ಹೇಗೆ ಬೀಳ್ತೀಯೋ ನೋಡ್ತೀನಿ!"

ಏಣಿಯಪ್ಪನಿಗೆ ಅಳು ಬಂತು. ಕೊನೆಗೆ ಮೇಸ್ತ್ರಿ ಚಹಾಕ್ಕೆಂದು ಬೆನ್ನು ತಿರುಗಿಸಿದ ಗಳಿಗೆ ನೋಡಿ, ಮತ್ತೆ ಹತ್ತಿ, ಧೊಪ್ಪನೆ ಬಿದ್ದ. ರಾತ್ರಿಯೆಲ್ಲ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ "ಅಯ್ಯೋ ನನ್ನ ಕಾಲು!" ಎಂಬ ಕೂಗು ಕಾರ್ಖಾನೆಯ ತಗಡಿಗೆ ಬಡಿದು ಬಂತು.

ಮಾಲೀಕರು ಓಡಿಬಂದರು. "ಹೆದರಬೇಡವೋ. ಕೆಲಸದ ಮೇಲೆ ಬಿದ್ದಿದ್ದೀಯ. ಗುಣವಾಗೋವರೆಗೂ ಸಂಬಳ, ಆಸ್ಪತ್ರೆ ಬಿಲ್ಲು, ಎಲ್ಲಾ ನನ್ನದು."

ಏಣಿಯಪ್ಪ ಮನಸ್ಸಿನಲ್ಲೇ ಕಾನೂನು ಮಾವನ ಪಾದ ಮುಟ್ಟಿದ. ಅಷ್ಟರಲ್ಲಿ ಮಾಲೀಕರು ಏಣಿಯ ಕಡೆ ತಿರುಗಿದರು.

"ಆದ್ರೆ ನಿನ್ನಂಥವನನ್ನೇ ಬೀಳಿಸಿದ ಏಣಿ ಗಿರಾಕಿ ಮನೆಗೆ ಹೋಗಬಾರ್ದು. ಇದರ ಜೊತೆಯವನ್ನೆಲ್ಲ ಗರಗಸಕ್ಕೆ ಹಾಕ್ರಿ. ಮೇಸ್ತ್ರಿ, ನಾಳೆಯಿಂದ ನೀನು ಬರೋದು ಬೇಡ."

ಮೇಸ್ತ್ರಿ ಚಹಾದ ಲೋಟವನ್ನು ನೆಲಕ್ಕೆ ಕುಕ್ಕಿದ. "ನನ್ನ ಏಣಿ ಬೀಳಿಸೋದಾ?" ಎಂದವನೇ ಸರಸರನೆ ಹತ್ತಿ, ತನ್ನ ಎರಡಾಳಿನ ಭಾರ ಹೇರಿ ಕುಣಿದ. ಏಣಿ ಕಿರ್ ಎನ್ನಲಿಲ್ಲ. ಇಳಿದು ಬಂದು ಏಣಿಯಪ್ಪನ ಗಂಬೂಟು ಕಿತ್ತೆಳೆದ. ಒಳಗೆ ಅಚ್ಚುಕಟ್ಟಾಗಿ ಸುತ್ತಿದ ಪಟ್ಟಿ!

"ನೋಡಿ ಸಾರ್, ಬಿದ್ದದ್ದು ಈಗ. ಪಟ್ಟಿ ಯಾವಾಗ ಕಟ್ಕೊಂಡ?"

ಏಣಿಯಪ್ಪ ಇನ್ನೊಂದು ಸುಳ್ಳಿಗೆ ಬಾಯಿ ತೆರೆದ. ಆದರೆ ಮೇಸ್ತ್ರಿಯ ಕಣ್ಣಲ್ಲಿ ನೀರು ಕಂಡಿತು. ಆ ಮನುಷ್ಯನ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು.

"ಏಣಿದು ತಪ್ಪಿಲ್ಲ ಸಾರ್. ಮೇಸ್ತ್ರಿದೂ ಇಲ್ಲ. ನಾನು ನಿನ್ನೆ ಮನೇಲಿ ಬಿದ್ದೆ. ಇಲ್ಲಿ ನನಗೆ ಒಂದು ಕೂದಲೂ ಕೊಂಕಿಲ್ಲ. ಮೈಯಲ್ಲಿ ಏನೇನು ನೋವಿದೆಯೋ ಎಲ್ಲಾ ಮನೇದೇ!"

ಮಾಲೀಕರು ಅದನ್ನೇ ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿಸಿದರು. "ನಿಜ ಹೇಳಿದ್ದಕ್ಕೆ ಕೆಲಸ ಉಳೀತು. ಸಂಬಳ, ಬಿಲ್ಲು ಮಾತ್ರ ಮರೆತುಬಿಡು," ಎಂದವರು, ಒಳ್ಳೆಯ ಮನುಷ್ಯರಾದ್ದರಿಂದ, ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು.

ಡಾಕ್ಟರು ಕಾಲನ್ನು ಅತ್ತಿತ್ತ ತಿರುಗಿಸಿ ನಕ್ಕರು. "ಇದೇನೂ ಇಲ್ಲ, ಬರೀ ಉಳುಕು. ನಾಡಿದ್ದು ಓಡಾಡ್ತೀರಿ."

ಏಣಿಯಪ್ಪನಿಗೆ ಹೋದ ಜೀವ ಬಂತು. ಏಳೋಣವೆಂದು ಎಡಗೈ ಊರಿದವನೇ, "ಅಮ್ಮಾ!" ಎಂದು ಕಿರುಚಿ ಹಾಗೇ ಒರಗಿದ.

ಎಕ್ಸ್‌ರೇ ಬಂತು. ಎಡಗೈ ಮೂಳೆ ಒಣಗಿದ ಕಡ್ಡಿಯಂತೆ ಮುರಿದಿತ್ತು. ಒಂದು ತಿಂಗಳಿಗೂ ಹೆಚ್ಚು ಕಾಲ ಕೆಲಸಕ್ಕೆ ಹೋಗುವಂತಿಲ್ಲ.

"ಸಾರ್, ಈ ಕೈ ಇವತ್ತಿಂದು!" ಏಣಿಯಪ್ಪ ಚೀರಿದ. "ಬೆಳಗ್ಗೆ ಇದೇ ಕೈಯಲ್ಲಿ ಗಂಬೂಟು ಎಳ್ಕೊಂಡೆ. ದೇವರಾಣೆಗೂ ನಿಮ್ಮ ಕಾರ್ಖಾನೇಲಿ ಬಿದ್ದಾಗಲೇ ಮುರಿದದ್ದು!"

ಮಾಲೀಕರು ಖೋಟಾ ನೋಟನ್ನು ನೋಡುವಂತೆ ಅವನನ್ನು ನೋಡಿದರು. "ಇಲ್ಲಿ ಒಂದು ಕೂದಲೂ ಕೊಂಕಿಲ್ಲ ಅಂದವರು ಯಾರು?"

"ನಾನೇ. ಆದ್ರೆ ಕಾಲಿನ ಗಲಾಟೇಲಿ ಕೈ ವಿಷಯ..."

"ಸರಿ. ಹಾಗಾದ್ರೆ ಏಣಿ ಬೀಳಿಸ್ತು ಅನ್ನು. ಮೇಸ್ತ್ರಿನ ಈಗಲೇ ಕಳಿಸ್ತೀನಿ."

"ಅಯ್ಯೋ ಬೇಡಿ ಸಾರ್, ನಾನೇ ಕೈಬಿಟ್ಟೆ!"

"ಬೇಕೂಂತ?"

ಏಣಿಯಪ್ಪ ಡಾಕ್ಟರ ಕಡೆ ತಿರುಗಿದ. "ನೀವಾದ್ರೂ ಹೇಳಿ ಡಾಕ್ಟ್ರೇ, ಇದು ಕಾರ್ಖಾನೇಲೇ ಆದದ್ದು ಅಂತ!"

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಮುರಿದಿರೋದು ಚೆನ್ನಾಗಿ ಕಾಣುತ್ತೆ. ವಿಳಾಸ ಕಾಣಲ್ಲ."

ಮಾಲೀಕರು ಎದ್ದು, ಆಸ್ಪತ್ರೆಯ ಬಿಲ್ಲನ್ನು ಮಡಚಿ, ಜೋಪಾನವಾಗಿ ಅವನ ಬಲಗೈಯಲ್ಲಿಟ್ಟರು. ಹಿಡಿದುಕೊಳ್ಳಲು ಅವನಿಗೆ ಉಳಿದಿದ್ದದ್ದು ಅದೊಂದೇ ಕೈ.