ಶಾಲೆ ಮುಂದಿನ ಕ್ಯಾಮೆರಾವನ್ನು ನಾನು ಪರೀಕ್ಷಿಸಿದ್ದು

ನಾನು ಸುಲಭವಾಗಿ ಮೋಸ ಹೋಗುವವನಲ್ಲ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಓಟಿಪಿ ಕೇಳಿದಾಗ, "ಓಟಿಪಿ ಯಾರಿಗೂ ಹೇಳಬಾರದು ಅಂತ ಸರ್ಕಾರವೇ ಹೇಳಿದೆ" ಎಂದು ಅವನನ್ನು ಸಿಲಿಂಡರ್ ಸಮೇತ ವಾಪಸು ಕಳಿಸಿದವನು ನಾನು. ಆ ವಾರವೆಲ್ಲ ಮನೆಯಲ್ಲಿ ಹೋಟೆಲಿನ ಇಡ್ಲಿ. ಆದರೆ ಮೋಸ ಹೋಗಲಿಲ್ಲ!

ಇಂಥ ನಮ್ಮ ಮನೆಗೇ ಒಂದು ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಸಂದೇಶ ಬಂತು. ಬಂದದ್ದು ನನ್ನ ಹೆಂಡತಿ ವನಜಳಿಗೆ. ನಮ್ಮ ಕಾರು ಶಾಲೆಯ ಮುಂದೆ ಮಿತಿ ಮೀರಿದ ವೇಗದಲ್ಲಿ ಹೋಗಿದೆಯಂತೆ, ಈ ಲಿಂಕ್ ಒತ್ತಿ ದಂಡ ಕಟ್ಟಬೇಕಂತೆ.

"ಫ್ರಾಡು!" ಎಂದೆ ನಾನು, ಕಾಫಿ ಲೋಟವನ್ನೂ ಕೆಳಗಿಡದೆ. "ಓಡಿಸೋನು ನಾನು. ನಿನಗೆ ಯಾಕೆ ಬರುತ್ತೆ? ಇಲ್ಲೇ ಸಿಕ್ಕಿಬಿದ್ದ ನೋಡು ಕಳ್ಳ."

"ಕಾರು ನನ್ನ ಹೆಸರಲ್ಲಿದೆ ಕಣ್ರೀ. ಲೋನ್ ಕಟ್ಟಿದ್ದು ನಾನು."

ಈ ಮಾಹಿತಿ ಅಷ್ಟು ಗಟ್ಟಿಯಾಗಿ ಹೇಳುವಂಥದ್ದಾಗಿರಲಿಲ್ಲ. ಪಕ್ಕದ ಮನೆಯ ಅಯೂಬ್ ಭಾಯ್ ಕಾಂಪೌಂಡಿನಲ್ಲೇ ನಿಂತಿದ್ದರು.

ವನಜ ಜಂಗಮಕೋಟೆಗೆ ಹೋಗುವ ರಸ್ತೆ ಪಕ್ಕದ ಒಂದು ಶಾಲೆಯಲ್ಲಿ ಟೀಚರ್. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ತುಂಬಿಕೊಂಡು ಹೋಗುವ ಗಾಡಿಗಳು ಶಾಲೆ ಮುಂದೆ ಹಾರಿಕೊಂಡೇ ಹೋಗುತ್ತಿದ್ದವು. ಒಂದು ಸಲ ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಬ್ಯಾಗಿಗೆ ಗಾಡಿ ತಗುಲಿ, ಮಗು ಚರಂಡಿಗೆ ಬಿತ್ತು. ಕೈ ಮುರಿದದ್ದಕ್ಕೇ ಮುಗಿಯಿತು. ಅವತ್ತಿನಿಂದ ವನಜ ಆಫೀಸು ಆಫೀಸು ಸುತ್ತಿ, ಸಾಹೇಬರುಗಳ ಮುಂದೆ ಹಟ ಹಿಡಿದು ಕೂತು, ಕಡೆಗೂ ಅಲ್ಲಿಗೆ ಕ್ಯಾಮೆರಾ ಹಾಕಿಸಿದ್ದಳು.

"ನಾನೇ ಹಾಕಿಸಿದ ಕ್ಯಾಮೆರಾಗೆ ನನ್ನ ಗಂಡನೇ ಬಿದ್ರಾ?" ಎಂದಳು.

"ನಾನು ಮೆಲ್ಲಗೆ ಓಡಿಸ್ತೀನಿ ಅಂತ ಊರಿಗೇ ಗೊತ್ತು" ಎಂದು ಹೇಳಿ ಸಂದೇಶವನ್ನು ಅಳಿಸಿಹಾಕಿದೆ.

ಮತ್ತೆ ಬಂತು.

ಅಯೂಬ್ ಭಾಯ್ ರೇಷ್ಮೆ ನೂಲಿನ ವ್ಯಾಪಾರಿ. ಅನುಮಾನದಲ್ಲಿ ನನಗೆ ಅಣ್ಣ. ಬೇಲಿಯ ಆಚೆಯಿಂದಲೇ ಪಿಸುಗುಟ್ಟಿದರು: "ಅರೇ ಸಾರ್, ನಿಮ್ಮ ನಂಬರ್ ಪ್ಲೇಟನ್ನ ಯಾರೋ ಕಾಪಿ ಹೊಡೆದವ್ರೆ. ಆ ಕಾರಲ್ಲಿ ಅವರು ಏನೇನು ಸಾಗಿಸ್ತಾವ್ರೋ ಅಲ್ಲಾಗೇ ಗೊತ್ತು."

ನನಗೆ ಎಲ್ಲವೂ ಹೊಳೆಯಿತು. ನನ್ನ ಹೆಸರು ಕೆಡಿಸಲು ಅಂತರರಾಜ್ಯ ಜಾಲವೊಂದು ಆಂಧ್ರದ ಗಡಿ ದಾಟಿ ಬಂದಿದೆ! ತಕ್ಷಣ ಇಬ್ಬರೂ ಪೊಲೀಸ್ ಠಾಣೆಗೆ ಹೊರಟೆವು.

ಠಾಣೆಯ ಹೆಡ್ ಕಾನ್‌ಸ್ಟೇಬಲ್ ಒಬ್ಬ ಹೆಂಗಸು. ನನ್ನ ದೂರನ್ನೆಲ್ಲ ತಾಳ್ಮೆಯಿಂದ ಕೇಳಿ, ಕಂಪ್ಯೂಟರಿನಲ್ಲಿ ಕಾರಿನ ನಂಬರ್ ಒತ್ತಿದರು.

"ಲಿಂಕ್ ಒತ್ತದೇ ಇದ್ದಿದ್ದು ಒಳ್ಳೇದಾಯ್ತು ಸಾರ್. ಅನುಮಾನ ಬಂದ್ರೆ ಹೀಗೆ ಇಲಾಖೆ ವೆಬ್‌ಸೈಟಲ್ಲಿ ನೀವೇ ನಂಬರ್ ಹಾಕಿ ನೋಡ್ಬೋದು. ಗಾಡಿ ಎಷ್ಟು ಸ್ಪೀಡಲ್ಲಿ ಬಂತು ಅಂತ ಕ್ಯಾಮೆರಾ ಅಳೆಯುತ್ತೆ, ಫೋಟೋ ಹೊಡೆಯುತ್ತೆ, ನಂಬರ್ ಓದುತ್ತೆ. ನೋಟಿಸು ಓನರ್‌ಗೆ ಹೋಗುತ್ತೆ. ಓಡಿಸಿದ್ದು ಯಾರು ಅಂತ ಅದಕ್ಕೆ ಗೊತ್ತಾಗಲ್ಲ. ಅದು ಮನೆಯೋರಿಗೆ ಗೊತ್ತಾಗುತ್ತೆ." ಹೀಗೆಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಸ್ಟೇರಿಂಗ್ ಹಿಡಿದು ನಾನು ಕೂತಿದ್ದೆ. ಪಕ್ಕದ ಸೀಟಿನಲ್ಲಿ, ಚಿಂತಾಮಣಿಯಿಂದ ತಂದ ಹಲಸಿನಹಣ್ಣು ಕೂತಿತ್ತು. ಇಬ್ಬರೂ ಮುಂದೆ ನೋಡುತ್ತಿದ್ದೆವು.

"ಕಾರು ಡೂಪ್ಲಿಕೇಟು ಅಂದ್ರಲ್ಲ ಸಾರ್, ಹಲಸಿನಹಣ್ಣೂ ಡೂಪ್ಲಿಕೇಟಾ?"

ಅಯೂಬ್ ಭಾಯ್ ಪರದೆಯ ಹತ್ತಿರ ಬಗ್ಗಿ, "ಅರೇ, ಇದೇ ಹಣ್ಣಲ್ವಾ ಸಾರ್, ನಮ್ಮನೇಗೂ ತೊಳೆ ಕೊಟ್ಟಿದ್ರಲ್ಲ?" ಎಂದರು. ಸಾಕ್ಷಿ ಹೇಳಲು ಕರೆದುಕೊಂಡು ಹೋಗಿದ್ದೆ. ಹೇಳಿದರು!

ಬುದ್ಧಿಯಿದ್ದವನು ಅಲ್ಲಿಗೇ ದಂಡ ಕಟ್ಟಿ ಮನೆಗೆ ಹೋಗುತ್ತಿದ್ದ. ನಾನು ಮನೆಗೆ ಹೋಗಿ ಯೋಚಿಸಿದೆ. ಕಾರು ನಿಜ, ನಾನು ನಿಜ, ಹಣ್ಣು ನಿಜ. ಹಾಗಾದರೆ ಸುಳ್ಳು ಹೇಳುತ್ತಿರುವುದು ಯಂತ್ರ! ನಿಂತ ಗಾಡಿಗೂ ಅದು ನೋಟಿಸು ಕಳಿಸುತ್ತಿರಬೇಕು. ಎಂಜಿನ್ ಆಫ್ ಮಾಡಿ, ಕಾರನ್ನು ತಳ್ಳಿಕೊಂಡೇ ಅದರ ಮುಂದೆ ಹಾದುಹೋದರೆ? ಆಗಲೂ ನೋಟಿಸು ಬಂದರೆ ಯಂತ್ರದ ಬಣ್ಣ ಬಯಲು!

ಮರುದಿನ ಸಂಜೆ ಅಯೂಬ್ ಭಾಯ್ ಹಿಂದಿನಿಂದ ತಳ್ಳಲು ಒಪ್ಪಿದರು. ನಾನು ಒಳಗೆ ಕೂತು ಸ್ಟೇರಿಂಗ್ ಹಿಡಿದೆ. ಕಾರು ಎತ್ತಿನ ಗಾಡಿಯ ಗಾಂಭೀರ್ಯದಲ್ಲಿ ಕ್ಯಾಮೆರಾದ ಕಡೆ ಸಾಗಿತು.

ನಾನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟದ್ದು ಶಾಲೆಯ ಗಂಟೆಯನ್ನು.

ಗಂಟೆ ಹೊಡೆಯಿತು. ಗೇಟು ತೆರೆಯಿತು. "ವನಜಾ ಮಿಸ್ ಕಾರು ಕೆಟ್ಟೋಗೈತೆ ಕಣ್ರೋ!" ಎಂದು ಯಾರೋ ಕೂಗಿದ್ದೇ ತಡ, ಮಕ್ಕಳ ಹಿಂಡು ನುಗ್ಗಿ ಬಂದು ಡಿಕ್ಕಿಗೆ ಕೈ ಕೊಟ್ಟಿತು. ಮುಂದೆ ಇಳಿಜಾರು. "ಐಸಾ!" ಎಂದರು. ಕಾರು ಹೊರಟಿತು. ಅಯೂಬ್ ಭಾಯ್ ಹಿಂದೆ ಉಳಿದರು. ಮಕ್ಕಳೂ ಹಿಂದೆ ಉಳಿದರು. ನನಗೆ ಮಾತ್ರ ಆ ಅವಕಾಶವಿರಲಿಲ್ಲ!

ಎಂಜಿನ್ ಆಫ್ ಆದರೆ ಬ್ರೇಕು ಕಲ್ಲಾಗುತ್ತದೆ ಎಂದು ಅವತ್ತು ಕಲಿತೆ. ಎರಡೂ ಕಾಲಿನಿಂದ ತುಳಿದು, ಹ್ಯಾಂಡ್ ಬ್ರೇಕ್ ಎಳೆದು, ಮನೆದೇವರನ್ನು ಕೂಗಿದೆ. ರಸ್ತೆ ಬದಿ ಯಾರೋ ಕೊಯ್ದು ರಾಶಿ ಹಾಕಿದ್ದ ಹಿಪ್ಪುನೇರಳೆ ಸೊಪ್ಪಿನೊಳಗೆ ಮೂತಿ ತೂರಿಸಿ ಕಾರು ನಿಂತಿತು.

ಸೊಪ್ಪಿನ ನಡುವಿಂದ ಹೊರಗೆ ಬಂದು ತಿರುಗಿ ನೋಡಿದೆ. ವನಜ ರಸ್ತೆಯ ಮಧ್ಯೆ ಎರಡೂ ಕೈ ಚಾಚಿ ನಿಂತಿದ್ದಳು. ಎದುರಿಂದ ಬರುತ್ತಿದ್ದ ಗೂಡಿನ ಗಾಡಿಯನ್ನು ನಿಲ್ಲಿಸಿದ್ದಳು. ಮಕ್ಕಳೆಲ್ಲ ಒಳಗೆ ಹೋಗುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ. ಆಮೇಲೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ಈ ರಸ್ತೇಲಿ ಮಕ್ಕಳಿಗೆ ಏನೂ ಆಗಬಾರ್ದು ಅಂತ ತಾನೇ ನಾನು ಅಷ್ಟು ಅಲೆದಿದ್ದು?" ಎಂದಳು.

ನಾನು ತಲೆ ಕೆರೆದುಕೊಂಡೆ. ತಲೆಯಲ್ಲಿ ಸೊಪ್ಪಿತ್ತು.

ಹಳೆಯ ದಂಡವನ್ನು ಅವತ್ತೇ ಕಟ್ಟಿದೆ. ಕೆಲವು ದಿನಗಳಲ್ಲೇ ಹೊಸ ನೋಟಿಸು ಬಂತು. "ನೋಡು, ನಾನು ಹೇಳಲಿಲ್ವಾ!" ಎಂದು ಕುಣಿದಾಡುತ್ತ ವನಜಳ ಮೊಬೈಲಿಗೆ ಕೈ ಹಾಕಿದೆ. ವೇಗಕ್ಕಲ್ಲ. ವೇಗ ಮಿತಿಯೊಳಗೇ ಇತ್ತು.

ಸೀಟ್ ಬೆಲ್ಟ್ ಹಾಕದೇ ಇದ್ದದ್ದಕ್ಕೆ!

ಫೋಟೋ ಬಲು ಸ್ಪಷ್ಟ. ಬಾಯಿ ತೆರೆದ ನಾನು, ಮುಚ್ಚಿದ ನನ್ನ ಕಣ್ಣು, ಹಿಂದೆ ಟೋಪಿ ಹಿಡಿದುಕೊಂಡು ಓಡುತ್ತಿರುವ ಅಯೂಬ್ ಭಾಯ್, ಅವರ ಸುತ್ತ ಸಂಭ್ರಮದಲ್ಲಿರುವ ಭಾವೀ ಪ್ರಜೆಗಳು.

ವನಜ ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ಕ್ಲಾಸಿನ ಗೋಡೆಗೆ ಅಂಟಿಸಿದ್ದಾಳೆ. ರಸ್ತೆ ಸುರಕ್ಷತೆಯ ಪಾಠವಂತೆ. ಮೇಲೆ "ಈ ಚಿತ್ರದಲ್ಲಿರುವ ತಪ್ಪುಗಳನ್ನು ಗುರುತಿಸಿ" ಎಂದು ಬರೆದಿದ್ದಾಳೆ. ಪೊಲೀಸರಿಗೆ ಕಂಡದ್ದು ಒಂದೇ ತಪ್ಪು. ಮಕ್ಕಳು ಇನ್ನೂ ಹುಡುಕುತ್ತಲೇ ಇದ್ದಾರೆ. ಮೊನ್ನೆ ಒಬ್ಬ ಪುಟ್ಟ ಹುಡುಗಿ ಎದ್ದು ನಿಂತು, "ಮಿಸ್, ಕಾರು ಸರಿಯಾಗೈತೆ, ಒಳಗೆ ಕೂತಿರೋರೇ ಕೆಟ್ಟೋಗವ್ರೆ" ಎಂದಳಂತೆ.

ಅಷ್ಟು ಸಣ್ಣ ಮಗುವಿಗೆ ಇದೆಲ್ಲ ಹೇಗೆ ಹೊಳೆಯುತ್ತದೆ? ವನಜಳೇ ಹೇಳಿಕೊಟ್ಟಿರಬೇಕು ಎಂದು ನನಗೆ ಬಲವಾದ ಅನುಮಾನ.