ಕಿಲ್ಟಿನ ಮೇಲೊಂದು ಜಾಕೆಟ್ಟು

ಸೊಂಟದಿಂದ ಕೆಳಗೆ ಏನನ್ನು ಹೇಗೆ ಉಡಬೇಕು ಎಂಬ ವಿಷಯದಲ್ಲಿ ನನಗೆ ಯಾರ ಉಪದೇಶವೂ ಬೇಕಿಲ್ಲ ಎಂಬ ಅಹಂಕಾರ ನನ್ನಲ್ಲಿ ಬಹಳ ಕಾಲದಿಂದ ಇದೆ. ಕೆಲವರಿಗೆ ವಿದ್ಯೆಯ ಅಹಂಕಾರ, ಕೆಲವರಿಗೆ ದುಡ್ಡಿನದು, ನನ್ನದು ಪಂಚೆಯದು. ಟೆಕ್ಸಸ್ಸಿಗೆ ಬಂದು ಇಪ್ಪತ್ತಾರು ವರ್ಷ ಕಳೆದರೂ ಅಲೆನ್ ಎಂಬ ಊರಿನ ನಮ್ಮ ಮನೆಯಲ್ಲಿ ಆಫೀಸಿನ ಪ್ಯಾಂಟು ಕಳಚಿದ ಮರುಕ್ಷಣವೇ ನಾನು ಪಂಚೆಗೆ ಇಳಿಯುತ್ತೇನೆ. ಇಳಿಬಿಟ್ಟು ಉಡುವುದು, ಎತ್ತಿ ಕಟ್ಟುವುದು, ಕಚ್ಚೆ ಹಾಕುವುದು, ಎಲ್ಲವೂ ಕಣ್ಣು ಮುಚ್ಚಿದರೂ ಬರುತ್ತದೆ. ಸೊಂಟದಿಂದ ಮೇಲಿನ ಮಾತು ಬಂದರೆ ಮಾತ್ರ ನನ್ನ ಧೈರ್ಯ ಉಡುಗಿಹೋಗುತ್ತದೆ. ಅಂಗಿಯ ಬಣ್ಣದಿಂದ ಹಿಡಿದು ಸ್ವೆಟರಿನ ತೋಳಿನವರೆಗೆ ಪ್ರತಿಯೊಂದಕ್ಕೂ ಹೆಂಡತಿಯ ಮುಖ ನೋಡುವವನು ನಾನು. ಹಾಗಾಗಿ ಹೋದ ಚಳಿಗಾಲದಲ್ಲಿ ಕಷ್ಟ ಬಂದಾಗ ಅದು ಮೇಲಿನಿಂದಲೇ ಬಂದಿರಬೇಕೆಂದು ನಾನು ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದದ್ದು ಇಷ್ಟು. ನಮ್ಮ ಒಬ್ಬಳೇ ಮಗಳು ಅನಘಾ ಆಸ್ಟಿನ್ನಿನಲ್ಲಿ ಕೆಲಸದಲ್ಲಿದ್ದಾಳೆ. ಅಲ್ಲೇ ಈವನ್ ಎಂಬ ಹುಡುಗನನ್ನು ಮೆಚ್ಚಿದಳು, ನಿಶ್ಚಿತಾರ್ಥವೂ ಆಯಿತು. ಹುಡುಗನ ತಂದೆ ಡಂಕನ್, ಎಂದರೆ ನನ್ನ ಭಾವಿ ಬೀಗರು, ಸ್ಕಾಟ್ಲೆಂಡ್ ಮೂಲದವರು. ಹಬ್ಬ ಹುಣ್ಣಿಮೆ ಬಂದರೆ ಮನೆಯ ಗಂಡಸರೆಲ್ಲ ಕಿಲ್ಟ್ ಉಡುತ್ತಾರಂತೆ. ಚೌಕಳಿ ಉಣ್ಣೆಬಟ್ಟೆ, ಸೊಂಟಕ್ಕೆ ಸುತ್ತಿ ಪಟ್ಟಿ ಬಿಗಿದರೆ ಮೊಣಕಾಲಿನವರೆಗೆ ಬರುತ್ತದೆ, ಒಂದು ಬದಿಗೆ ರಾಶಿ ನಿರಿಗೆ. ಅವರು ವೀಡಿಯೊ ಕಾಲಿನಲ್ಲಿ ಅದನ್ನು ಮಡಿಸಿದ ಹಾಗೆಯೇ ಎತ್ತಿ ತೋರಿಸಿ, "ನಿಮಗೂ ಒಂದು ಕಳಿಸುತ್ತೇನೆ, ಉಡುವ ಕ್ರಮ ಹೇಳಿಕೊಡಲೇ?" ಎಂದು ಕೇಳಿದರು. ನಾನು ನಕ್ಕುಬಿಟ್ಟೆ. "ಬೀಗರೇ, ಈ ವಿಷಯದಲ್ಲಿ ನಮ್ಮದು ಸಾವಿರಾರು ವರ್ಷದ ಅನುಭವ" ಎಂದೆ. ಪಾಪ, ಅವರು ಕಿಲ್ಟನ್ನು ಪಕ್ಕಕ್ಕಿಟ್ಟರು. ವಾರದಲ್ಲಿ ಪೆಟ್ಟಿಗೆ ಬಂತು. ಉಡುವ ವಿಧಾನವನ್ನು ಚಿತ್ರಸಮೇತ ಅಚ್ಚು ಹಾಕಿದ ಹಾಳೆಯೊಂದು ಒಳಗಿತ್ತು. ಅದನ್ನು ಓದದೆ ರೀಸೈಕಲ್ ಡಬ್ಬಿಗೆ ಹಾಕಿದೆ. ಜೊತೆಗೊಂದು ಆಮಂತ್ರಣವಿತ್ತು: ಜನವರಿಯ ಒಂದು ಶನಿವಾರ ಮಧ್ಯಾಹ್ನ ಆಸ್ಟಿನ್ನಿನ ಅವರ ಮನೆಯ ಹಿತ್ತಲಿನಲ್ಲಿ ಬೆಂಕಿಯ ಸುತ್ತ ಊಟ, ನೆಂಟರಿಷ್ಟರೆಲ್ಲ ನಿಮ್ಮನ್ನು ನೋಡಲು ಕಾದಿದ್ದಾರೆ, ಚಳಿಗೆ ಮೇಲೊಂದು ಕ್ಯಾಶುವಲ್ ಜಾಕೆಟ್ ಇದ್ದರೆ ಸಾಕು.

ಈ 'ಕ್ಯಾಶುವಲ್' ಎಂಬುದು ನನಗೆ ಇನ್ನೂ ಬಗೆಹರಿಯದ ಸಂಗತಿ. ನಮ್ಮ ಕಡೆ ಬಟ್ಟೆಗೆ ಇರುವುದು ಎರಡೇ ಜಾತಿ, ಮನೆಯಲ್ಲಿ ಹಾಕುವುದು ಮತ್ತು ಹೊರಗೆ ಹಾಕುವುದು. ಹೊರಗಿನದು ಹಳತಾದರೆ ಮನೆಯದಾಗುತ್ತದೆ, ಮನೆಯದು ಹಳತಾದರೆ ನೆಲ ಒರೆಸುತ್ತದೆ. ಇಲ್ಲಿಯವರು ನಡುವೆ ಮೂರನೆಯದೊಂದನ್ನು ಇಟ್ಟುಕೊಂಡಿದ್ದಾರೆ. ಏನೂ ಯೋಚನೆ ಮಾಡದೆ ಹಾಕಿಕೊಂಡ ಹಾಗೆ ಕಾಣಬೇಕು, ಆದರೆ ಅದಕ್ಕಾಗಿ ಎರಡು ದಿನ ಯೋಚನೆ ಮಾಡಿರಬೇಕು. ಆಫೀಸಿನಲ್ಲಿ ಮೊದಲ ಸಲ ಕ್ಯಾಶುವಲ್ ಶುಕ್ರವಾರ ಎಂದಾಗ ನಾನು ಇಸ್ತ್ರಿ ಮಾಡಿದ ಜೀನ್ಸ್ ಹಾಕಿಕೊಂಡು ಹೋಗಿದ್ದೆ, ಅದರ ಗೆರೆಯನ್ನು ಎಲ್ಲರೂ ಬಂದು ನೋಡಿಹೋಗಿದ್ದರು.

ಒಂದು ಭಾನುವಾರ ಕಿಲ್ಟ್ ಉಟ್ಟು ಪ್ರಯೋಗ ಶುರು ಮಾಡಿದೆ. ನಿರಿಗೆ ಎಂದ ಮೇಲೆ ಮುಂದೆ ತಾನೆ ಇರಬೇಕು? ಪಂಚೆಗೆ ಮುಂದೆ, ಸೀರೆಗೆ ಮುಂದೆ, ದೇವರ ಅಲಂಕಾರಕ್ಕೂ ಮುಂದೆ. ಹಾಗೆಯೇ ಉಟ್ಟೆ. ಹಿಂಬದಿ ಚಪ್ಪಟೆಯಾಗಿ ಬಂತು, ಕುಳಿತುಕೊಳ್ಳಲು ಅನುಕೂಲವಾಗಲಿ ಎಂದು ಹೊಲಿದಿದ್ದಾರೆ, ಎಷ್ಟು ಬುದ್ಧಿವಂತರು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡೆ. ನನ್ನ ಹೆಂಡತಿ ಸುಮಾ ಮುಂದೆ ಕೂತು ತನ್ನ ರೇಷ್ಮೆ ಸೀರೆಗೆ ಮಾಡುವ ಹಾಗೆ ನಿರಿಗೆಗಳನ್ನೆಲ್ಲ ನೀವಿ ಸರಿಮಾಡಿದಳು. "ಹೊಲಿಗೆ ಹಾಕಿಬಿಟ್ಟಿದಾರೆ ಕಣ್ರೀ, ಪಿನ್ನಿನ ತಾಪತ್ರಯವೇ ಇಲ್ಲ" ಎಂದು ಹೊಟ್ಟೆಕಿಚ್ಚುಪಟ್ಟಳು.

ಆಮೇಲೆ ಜಾಕೆಟ್ಟುಗಳು ಒಂದೊಂದಾಗಿ ಬಂದವು. ದಿಂಬಿನ ಹಾಗೆ ಉಬ್ಬಿದ ನನ್ನ ಉದ್ದನೆಯ ಪಫರ್ ಜಾಕೆಟ್ ಮೊಣಕಾಲಿನವರೆಗೆ ಬರುವುದರಿಂದ, ಅದರ ಕೆಳಗೆ ನಾನು ಏನಾದರೂ ಉಟ್ಟಿದ್ದೇನೆಯೇ ಎಂಬ ಸಂಶಯ ನೋಡುವವರಿಗೆ ಬರುವಂತಿತ್ತು. ಆಫೀಸಿನಲ್ಲಿ ಕೊಟ್ಟ ಫ್ಲೀಸ್ ಎಂಬ ಮೆತ್ತನೆಯ ಮೇಲಂಗಿ ನಿರಿಗೆಯ ಮೇಲೆ ಕುಳಿತು ಹೊಟ್ಟೆಯ ಹತ್ತಿರ ಛತ್ರಿಯ ಹಾಗೆ ಅರಳಿಕೊಂಡಿತು. ಹ್ಯೂಸ್ಟನ್ನಿನ ಬಾಮೈದ ಶ್ರೀಧರನಿಗೆ ಫೋನ್ ಮಾಡಿದೆ. ಆ ಊರಿನಲ್ಲಿ ಚಳಿ ಎಂಬುದು ನೆಂಟರ ಹಾಗೆ, ಬಂದರೆ ಎರಡು ದಿನ. ಆದರೂ ಅವನ ಬೀರುವಿನಲ್ಲಿ ಆರು ಜಾಕೆಟ್ ನೇತಾಡುತ್ತಿರುತ್ತವೆ. "ಭಾವ, ಲೆದರ್ ತಗೊಳ್ಳಿ, ಕೆಳಗೆ ಏನೇ ಇದ್ರೂ ಮೇಲೆ ಲೆದರ್ ಇದ್ರೆ ಯಾರೂ ಕೇಳಲ್ಲ" ಎಂದು ಹೇಳಿ ಒಂದನ್ನು ಕಳಿಸಿಕೊಟ್ಟ. ಎದೆಯ ಹತ್ತಿರ ಅದು ಸರಿಯಾಗಿಯೇ ಕೂತಿತು. ಆದರೆ ಹೊಟ್ಟೆಯ ಕೆಳಗೆ ನಿರಿಗೆಯ ರಾಶಿ ನೂಕುತ್ತಿದ್ದುದರಿಂದ ಜಿಪ್ಪಿನ ತುದಿಗಳು ಒಂದನ್ನೊಂದು ಮುಟ್ಟಲೇ ಇಲ್ಲ. ಅನಘಾ ಪ್ರತಿಯೊಂದನ್ನೂ ವೀಡಿಯೊ ಕಾಲಿನಲ್ಲಿ ನೋಡಿ, "ಲುಕ್ಸ್ ಫೈನ್ ಅಪ್ಪ" ಎನ್ನುತ್ತಿದ್ದಳು. ಅವಳಿಗೆ ಕಾಣುತ್ತಿದ್ದುದು ಎದೆಯವರೆಗೆ ಮಾತ್ರ. ಕಷ್ಟವಿದ್ದದ್ದು ಅದರ ಕೆಳಗೆ.

ಅಷ್ಟಕ್ಕೂ ಒಂದು ಜಾಕೆಟ್ಟಿಗೆ ಇಷ್ಟು ರಾದ್ಧಾಂತ ಏಕೆ ಎಂದು ನೀವು ಕೇಳಬಹುದು. ಹೇಳಿಬಿಡುತ್ತೇನೆ. ಅನಘಾ ಎಂಟನೆಯ ತರಗತಿಯಲ್ಲಿದ್ದಾಗ ಒಂದು ಚಳಿಯ ಬೆಳಿಗ್ಗೆ ಅವಳನ್ನು ಸ್ಕೂಲ್ ಬಸ್ಸಿಗೆ ಬಿಡಲು ಪಂಚೆಯ ಮೇಲೆ ಜಾಕೆಟ್ ಏರಿಸಿಕೊಂಡೇ ಹೋಗಿದ್ದೆ. ಅವಳು ಅರ್ಧ ದಾರಿಯಲ್ಲಿ ನಿಂತು, ನೆಲ ನೋಡುತ್ತಾ, "ಅಪ್ಪ, ಕ್ಯಾನ್ ಯು ಸ್ಟೇ ಹಿಯರ್?" ಎಂದಳು. ನಾನು ಅಲ್ಲೇ ನಿಂತೆ. ಅವಳದೇನೂ ತಪ್ಪಿಲ್ಲ, ಆ ವಯಸ್ಸೇ ಹಾಗೆ. ಆದರೆ ನನಗೆ ತುಂಬ ನೋವಾಯಿತು, ಈಗಲೂ ನೆನೆದರೆ ಆಗುತ್ತದೆ. ಅಂದಿನಿಂದ ಅವಳ ಸ್ನೇಹಿತರು ಇರುವ ಕಡೆ ನಾನು ಪ್ಯಾಂಟಿಲ್ಲದೆ ಕಾಲಿಟ್ಟಿಲ್ಲ. ಈಗ ಬೀಗರ ಮನೆಯಲ್ಲಿ, ಅವಳ ಹೊಸ ಬಂಧುಗಳೆಲ್ಲರ ಎದುರು, ಮತ್ತೆ ಕಾಲು ಕಾಣುವ ಉಡುಪಿನಲ್ಲಿ ನಿಲ್ಲಬೇಕಾಗಿತ್ತು. ಮಗಳು ಇನ್ನೊಮ್ಮೆ ನನ್ನಿಂದಾಗಿ ನೆಲ ನೋಡುವ ಹಾಗೆ ಆಗಬಾರದು, ನನಗೆ ಬೇಕಾದದ್ದು ಇಷ್ಟೇ.

ಕೊನೆಗೆ ಕಿಲ್ಟನ್ನು ಚೀಲದಲ್ಲಿಟ್ಟುಕೊಂಡು ಫ್ರಿಸ್ಕೋದ ಮಾಲ್‌ಗೆ ಹೋದೆವು. ಟ್ರಯಲ್ ರೂಮಿನಲ್ಲಿ ಅದನ್ನುಟ್ಟು, ಮೇಲೆ ಒಂದೊಂದು ಜಾಕೆಟ್ ಹಾಕಿಕೊಂಡು ಹೊರಗೆ ಬಂದು ಸುಮಾಳಿಗೆ ತೋರಿಸುವುದು, ಅವಳು ತಲೆ ಅಡ್ಡಡ್ಡ ಆಡಿಸುವುದು, ನಾನು ಒಳಗೆ ಹೋಗುವುದು. ಐದನೆಯ ಸಲ ಬಾಗಿಲು ತೆಗೆದರೆ ಸುಮಾಳ ಪಕ್ಕದಲ್ಲಿ ನಮ್ಮ ಕನ್ನಡ ಕೂಟದ ಪದ್ಮಾ ಆಂಟಿ ನಿಂತಿದ್ದಾರೆ. ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿ, "ಯಾವ ನಾಟಕ? ಯುಗಾದಿಗೆ ಮಾಡ್ತಿರೋದಾ?" ಎಂದು ಕೇಳಿದರು. ಸುಮಾ ಥಟ್ಟನೆ "ಹೂಂ ಆಂಟಿ, ಇನ್ನೂ ಹೆಸರಿಟ್ಟಿಲ್ಲ" ಎಂದಳು. ಹೆದರಿಕೆಗೆ ಕೈಗೆ ಸಿಕ್ಕಿದ ಕಡುಹಸಿರು ಉಣ್ಣೆ ಜಾಕೆಟ್ಟನ್ನೇ ಕೊಂಡುಕೊಂಡು ಮನೆಗೆ ಬಂದೆವು. ಸೊಂಟದವರೆಗೆ ಗಿಡ್ಡ, ನೋಡಲು ಚೆಂದ. ಅದರ ಜಿಪ್ಪೂ ಕೂಡುತ್ತಿರಲಿಲ್ಲ. ಅಮೆರಿಕದವರಿಗೆ ಸೊಂಟದ ಅಳತೆಯೇ ಗೊತ್ತಿಲ್ಲ ಎಂದು ಬೈದು, ತೆರೆದೇ ಬಿಟ್ಟರೆ ಕ್ಯಾಶುವಲ್ ಆಗಿಯೇ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಆ ಶನಿವಾರ ಬೆಳಿಗ್ಗೆ ಬೇಗ ಹೊರಟು ಆಸ್ಟಿನ್ ತಲುಪುವಾಗ ಉತ್ತರದ ಗಾಳಿ ಬೀಸುತ್ತಿತ್ತು. ನಾನು ಕಾರಿನಿಂದ ಇಳಿದು ನಿರಿಗೆ ಕೊಡವಿಕೊಂಡು, ಮದುವೆ ಮನೆಯ ಹಿರಿಯನ ಠೀವಿಯಲ್ಲಿ ನಡೆದೆ. ಅನಘಾ ಓಡಿ ಬಂದವಳು ಒಂದು ಕ್ಷಣ ನಿಂತು, ಆಮೇಲೆ ನನ್ನ ತೋಳು ಹಿಡಿದು, "ಚೆನ್ನಾಗ್ ಕಾಣ್ತಿದೀಯ ಅಪ್ಪ" ಎಂದಳು. ಬೀಗರು ನನ್ನ ನಡುವಿನ ಕಡೆ ಒಮ್ಮೆ ನೋಡಿ, ಅಪ್ಪಿಕೊಂಡರು. ಹಿತ್ತಲಿಗೆ ಹೋದರೆ ಬೆಂಕಿಯ ಸುತ್ತ ಹದಿನೈದು ಇಪ್ಪತ್ತು ಗಂಡಸರು ಕಿಲ್ಟಿನಲ್ಲಿ ನಿಂತಿದ್ದರು. ಎಲ್ಲರಿಗೂ ಮುಂದೆ ಚಪ್ಪಟೆ, ಹಿಂದೆ ನಿರಿಗೆ. ನನಗೆ ಅಯ್ಯೋ ಎನಿಸಿತು. ಪಾಪ, ಈ ದೇಶಕ್ಕೆ ಬಂದು ನಾಲ್ಕು ತಲೆಮಾರಾಯಿತು, ಉಡುವ ಕ್ರಮವೇ ಮರೆತುಹೋಗಿದೆ. ಮಗಳನ್ನು ಪಕ್ಕಕ್ಕೆ ಕರೆದು, "ನೋಡೇ, ಎಲ್ಲರೂ ಹಿಂದುಮುಂದು ಉಟ್ಕೊಂಡಿದಾರೆ. ಬೀಗರಿಗೆ ಬೇಜಾರಾಗದ ಹಾಗೆ ಹೇಗೆ ಹೇಳೋದು?" ಎಂದೆ.

ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು. "ಅಪ್ಪ, ಇಟ್ಸ್ ದಿ ಅದರ್ ವೇ."

"ಅಂದ್ರೆ?"

"ಅಂದ್ರೆ... ಉಲ್ಟಾ ಇರೋದು ನಿಂದು."

"ನಿಂಗೆ ಯಾವಾಗ ಗೊತ್ತಾಯ್ತು?"

"ಕಾರಿಂದ ಇಳೀವಾಗ್ಲೇ. ಎಷ್ಟು ಜಂಬದಲ್ಲಿ ಬರ್ತಿದ್ದೆ. ಹೆಂಗೆ ಹೇಳ್ಲಿ?"

ಬೆಂಕಿಯ ಶಾಖಕ್ಕಿಂತ ನನ್ನ ಕಿವಿಗಳೇ ಬಿಸಿಯಾದವು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮನೆಯೊಳಗೆ ನುಗ್ಗಿ ಬಾತ್‌ರೂಮಿನ ಚಿಲಕ ಹಾಕಿಕೊಂಡೆ. ಪಟ್ಟಿಗಳನ್ನೆಲ್ಲ ಬಿಚ್ಚಿ ಕಿಲ್ಟನ್ನು ತಿರುಗಿಸಿ ಉಟ್ಟೆ. ನಿರಿಗೆ ಹಿಂದೆ ಹೋದದ್ದೇ ತಡ, ಜಾಕೆಟ್ಟಿನ ಜಿಪ್ಪು ಸರ್ರೆಂದು ಕತ್ತಿನವರೆಗೆ ಹತ್ತಿತು. ಒಂದು ತಿಂಗಳು ನಾನು ಬೈದ ಜಾಕೆಟ್ಟುಗಳೆಲ್ಲ ನಿರಪರಾಧಿಗಳು. ಕನ್ನಡಿಯಲ್ಲಿ ಕಂಡ ವ್ಯಕ್ತಿ ಯಾವ ಬೀಗರ ಮನೆಯಲ್ಲೂ ತಲೆಯೆತ್ತಿ ನಿಲ್ಲುವಂತಿದ್ದ. ಎದೆ ಸೆಟೆಸಿ ಹಿತ್ತಲಿಗೆ ಬಂದೆ.

ಬಂದು ನೋಡಿದರೆ ಬೀಗರು, ಅಳಿಯ, ಬೀಗರ ತಮ್ಮಂದಿರು, ಮುದುಕರನ್ನೂ ಬಿಡದೆ ಎಲ್ಲರ ನಿರಿಗೆಗಳೂ ಮುಂದೆ ಬಂದಿವೆ! ಒಬ್ಬರಿಗೊಬ್ಬರು ಪಟ್ಟಿ ಬಿಗಿದುಕೊಳ್ಳುತ್ತ ಚಿಕ್ಕ ಹುಡುಗರ ಹಾಗೆ ನಗುತ್ತಿದ್ದಾರೆ. ಅವರ ಯಾರ ಜಾಕೆಟ್ಟಿನ ಜಿಪ್ಪೂ ಕೂಡುತ್ತಿಲ್ಲ. ಬೀಗರು ಹೆಮ್ಮೆಯಿಂದ ಹೇಳಿದರು: "ಅನಘಾ ಎಲ್ಲರಿಗೂ ಕೂಗಿ ಹೇಳಿದಳು, ನಮ್ಮ ಕಡೆ ನಿರಿಗೆ ಮುಂದೆ ಇರುತ್ತದೆ, ಇವತ್ತು ಎಲ್ಲರೂ ನಮ್ಮ ಕಡೆಯ ಹಾಗೆ ಉಡಬೇಕು ಅಂತ." ಅವಳು 'ನಮ್ಮ ಕಡೆ' ಎಂದಿದ್ದಳು. ಅಷ್ಟು ಜನರ ಎದುರು, ತಲೆಯೆತ್ತಿಕೊಂಡು, ಕೂಗಿ. ನಾನು ಅವಳ ಕಡೆಗೆ ಹೆಜ್ಜೆ ಹಾಕಿದೆ. ಅಷ್ಟರಲ್ಲಿ ಅವಳ ಕಣ್ಣು ನನ್ನ ಸೊಂಟದ ಮೇಲೆ ಬಿತ್ತು. ಹಣೆ ಚಚ್ಚಿಕೊಂಡು, "ಅಪ್ಪಾ! ಯಾಕ್ ತಿರುಗಿಸ್ಕೊಂಡೆ?" ಎಂದಳು.

ನಾನು ಮತ್ತೆ ಬಾತ್‌ರೂಮಿಗೆ ಹೋಗಿ, ಮತ್ತೆ ತಿರುಗಿಸಿ ಉಟ್ಟು, ಎದೆ ತೆರೆದುಕೊಂಡ ಜಾಕೆಟ್ಟಿನಲ್ಲಿ ಬಂದು ಮಗಳ ಪಕ್ಕದಲ್ಲಿ ನಿಂತೆ. ಗಾಳಿ ನೇರವಾಗಿ ಎದೆಗೇ ಬೀಸುತ್ತಿತ್ತು. ಹಲ್ಲು ಕಟಕಟ ಎನ್ನುತ್ತಿತ್ತು. ಬೀಗರು ತಾವೂ ನಡುಗುತ್ತ, "ಚಳಿಯಾಗುತ್ತಿದೆಯೇ?" ಎಂದು ಕೇಳಿದರು. "ಛೆ ಛೆ, ಇಲ್ಲ" ಎಂದೆ, "ನಿಮಗೆ ಹೊಸದು ನೋಡಿ, ಅದಕ್ಕೆ. ನಮಗೆ ಹೀಗೆಯೇ ಅಭ್ಯಾಸ."